ಎಂಟು ಡಾಲರ್ ಕಥೆಯಲ್ಲಿ ಇಲ್ಲದವರು

ಪ್ರಶ್ನೆ: ನನಗೆ 39 ವರ್ಷ. ಊರು ದಾವಣಗೆರೆ, ಈಗ ಇರುವುದು ಅಮೆರಿಕದ ಅಟ್ಲಾಂಟಾದಲ್ಲಿ. ಮಗಳಿಗೆ ಶಾಲೆಯಲ್ಲಿ, ಇಲ್ಲಿನ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ರೋಸಾ ಪಾರ್ಕ್ಸ್ ಬಗ್ಗೆ ಬರೆಯಲು ಹೇಳಿದ್ದರು. ಅವಳಿಗೆ ಸಹಾಯವಾಗಲಿ ಅಂತ ಲೈಬ್ರರಿಯಿಂದ ಪುಸ್ತಕ ತಂದೆ, ಒಂದು ಹೋಗಿ ಹತ್ತಾಯಿತು. ಈಗ ಬಾಯಿ ಬಿಟ್ಟರೆ ಜಗಳ. ಮೈಸೂರಿನಿಂದ ಮಾವ ಬಂದಿದ್ದಾರೆ. ಅವರ ಅಣ್ಣ 1972ರಲ್ಲಿ ಜೇಬಲ್ಲಿ ಎಂಟೇ ಡಾಲರ್ ಇಟ್ಟುಕೊಂಡು ಇಲ್ಲಿಗೆ ಬಂದ ಡಾಕ್ಟರು. 'ನಮ್ಮಣ್ಣ ದುಡಿದು ಮೇಲೆ ಬಂದ, ಇವರಿಗೇನು ಕಷ್ಟ' ಅಂತ ಕಪ್ಪು ಜನರ ಬಗ್ಗೆ ಮಗಳ ಎದುರೇ ಹೇಳುತ್ತಾರೆ. ಅವಳ ಕಪ್ಪು ಗೆಳತಿ ಮನೆಗೆ ಬಂದರೆ ಮುಖ ಗಂಟಿಕ್ಕುತ್ತಾರೆ. ಗಂಡ 'ಮೂರು ತಿಂಗಳು ಸುಮ್ನಿರು' ಅನ್ನುತ್ತಾರೆ. ಕನ್ನಡ ಗೆಳೆಯರ ಮನೆಯ ಊಟದಲ್ಲಿ ಮಾತೆತ್ತಿದರೆ ಎಲ್ಲರೂ ತಟ್ಟೆ ನೋಡತೊಡಗಿದರು. ಇದಕ್ಕಿಂತ ಜಾಸ್ತಿ ಚುಚ್ಚುವುದು ಇನ್ನೊಂದಿದೆ. ಐದು ವರ್ಷದ ಹಿಂದೆ ನಾನೂ ಇದೇ ಮಾತು ಆಡುತ್ತಿದ್ದೆ. ಏನು ಮಾಡಲಿ?

ಉತ್ತರ: ಮೊದಲು ಆ ಪುಟ್ಟ ಗೆಳತಿಯ ವಿಷಯ. ಅದು ಮೂರು ತಿಂಗಳು ಕಾಯುವಂಥದ್ದಲ್ಲ. ದೊಡ್ಡವರ ಮುಖ ಯಾಕೆ ಗಂಟಾಯಿತು ಅಂತ ತಿಳಿಯಲು ಮಕ್ಕಳಿಗೆ ಕನ್ನಡ ಬರಬೇಕಾಗಿಲ್ಲ. ನಿಮ್ಮ ಮನೆಗೆ ಬಂದ ಮಗು ನೊಂದುಕೊಂಡು ಹೋಗಬಾರದು, ಅಷ್ಟೇ. ಇದನ್ನು ಹೇಳಬೇಕಾದವರು ಸೊಸೆಯಲ್ಲ, ಮಗ. 'ಅಪ್ಪಾ, ನಮ್ಮನೆಗೆ ಬರೋ ಮಗು ಮುಂದೆ ಹಾಗೆ ಮಾಡಬೇಡಿ' ಅಂತ ಅವರು ಒಂದು ಸಲ ಸ್ಪಷ್ಟವಾಗಿ ಹೇಳಲಿ. ಗಂಡನ ಹತ್ತಿರ ಇದೊಂದಕ್ಕೆ ಹಟ ಹಿಡಿಯಿರಿ. ಉಳಿದದ್ದಕ್ಕೆ ಸಮಯ ಇದೆ.

ಇನ್ನು ಎಂಟು ಡಾಲರ್. ಆ ಕಥೆಯನ್ನು ದಯವಿಟ್ಟು ಸುಳ್ಳು ಅನ್ನಬೇಡಿ. ನಿಮ್ಮ ಯಜಮಾನರ ದೊಡ್ಡಪ್ಪ ಕಷ್ಟಪಟ್ಟಿದ್ದು ನಿಜವೇ. ಆದರೆ ಜೇಬಲ್ಲಿ ಎಂಟು ಡಾಲರ್ ಇದ್ದಾಗ ಕೈಯಲ್ಲಿ ಡಾಕ್ಟರ್ ಡಿಗ್ರಿ ಇತ್ತು ಅಲ್ವಾ? ಅವರು ಬಂದ ಬಾಗಿಲು ತೆರೆದೂ ಆಗಿತ್ತು. 1946ರಿಂದ ಭಾರತಕ್ಕೆ ಅಮೆರಿಕ ಕೊಟ್ಟಿದ್ದ ಕೋಟಾ ವರ್ಷಕ್ಕೆ 100 ಜನ, ಅದಕ್ಕೂ ಮೊದಲು ಅದೂ ಇರಲಿಲ್ಲ. ಆ ಲೆಕ್ಕ ಬದಲಾಗಿದ್ದು 1965ರ ವಲಸೆ ಕಾಯ್ದೆಯಿಂದ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ, ಅದೇ ವರ್ಷ ಇದು. ಕಪ್ಪು ಜನ ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ 'ಹುಟ್ಟು ನೋಡಿ ಮನುಷ್ಯನನ್ನು ಅಳೆಯುವುದು ತಪ್ಪು' ಅಂತ ಆ ದೇಶದ ಬಾಯಲ್ಲಿ ಹೇಳಿಸದಿದ್ದರೆ ಆ ಬಾಗಿಲು ಅಷ್ಟು ಬೇಗ ತೆರೆಯುತ್ತಿರಲಿಲ್ಲ.

'ಅವರೂ ಓದಿ ಡಾಕ್ಟರಾಗಬಹುದಿತ್ತಲ್ಲ' ಅಂತ ಮಾವ ಕೇಳಿದರೆ, ನಿಮ್ಮ ಅಟ್ಲಾಂಟಾದಲ್ಲೇ ನಡೆದದ್ದನ್ನು ಹೇಳಿ. 1962ರಲ್ಲಿ ಕ್ಲಿಂಟನ್ ವಾರ್ನರ್ ಎಂಬ ಕಪ್ಪು ಸರ್ಜನ್ ಪೇಟನ್ ಫಾರೆಸ್ಟ್ ಎಂಬ ಬಿಳಿಯರ ಬಡಾವಣೆಯಲ್ಲಿ ಮನೆ ತೆಗೆದುಕೊಳ್ಳಲು ಹೊರಟರು. ಅಲ್ಲಿದ್ದವರು ಗಲಾಟೆ ಎಬ್ಬಿಸಿದರು. ಡಿಸೆಂಬರಿನಲ್ಲಿ ನಗರಾಡಳಿತವೇ ರಸ್ತೆಗೆ ಅಡ್ಡಗಟ್ಟೆ ಹಾಕಿಸಿತು! ಕೋರ್ಟು ಹೇಳಿದ ಮೇಲೆ ಮಾರ್ಚಿನಲ್ಲಿ ತೆಗೆದರು. ಅವರ ಕೈಯಲ್ಲೂ ಡಿಗ್ರಿ ಇತ್ತು, ದುಡಿಮೆ ಇತ್ತು, ದುಡ್ಡೂ ಇತ್ತು. ಅಷ್ಟೆಲ್ಲ ಇಲ್ಲದ ಸಾಮಾನ್ಯ ಕುಟುಂಬಗಳ ಪಾಡು ಕೇಳಲೇಬೇಡಿ. 1930ರ ದಶಕದಲ್ಲೇ ಊರೂರಿನ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಗುರುತು ಹಾಕಿದ್ದರು. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಅನ್ನುವ ಕಾಯ್ದೆ ಬಂದದ್ದು 1968ರಲ್ಲಿ, ದೊಡ್ಡಪ್ಪ ಬಂದು ಇಳಿಯುವುದಕ್ಕೆ ನಾಲ್ಕೇ ವರ್ಷ ಮೊದಲು. ಅಪ್ಪ ಕಟ್ಟಿದ ಮನೆ ಮಗನಿಗೆ ಎಷ್ಟು ದೊಡ್ಡ ಆಸರೆ ಅಂತ ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮಗಳ ರೋಸಾ ಪಾರ್ಕ್ಸ್ ಕಥೆಯೂ ಹೀಗೇ. ದಿನವಿಡೀ ಹೊಲಿದು ದಣಿದ ಹೆಂಗಸು 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ, ದೇಶ ಬದಲಾಯಿತು. ನಾವೆಲ್ಲ ಕೇಳಿದ್ದು ಇಷ್ಟೇ. ಅವರು 1943ರಿಂದಲೇ ತಮ್ಮೂರಾದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಸಂಘದ ಕಾರ್ಯದರ್ಶಿಯಾಗಿದ್ದರು. ಅವರಿಗಿಂತ ಒಂಬತ್ತು ತಿಂಗಳು ಮೊದಲು, ಅದೇ ಊರಿನ ಬಸ್ಸಿನಲ್ಲಿ, ಸೀಟು ಬಿಡದೆ ಪೊಲೀಸರ ಕೈಗೆ ಸಿಕ್ಕವಳು ಕ್ಲಾಡೆಟ್ ಕಾಲ್ವಿನ್, 15 ವರ್ಷದ ಹುಡುಗಿ. ರೋಸಾ ಅವರನ್ನು ಬಂಧಿಸಿದಾಗ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಟೀಚರ್ ರಾತ್ರೋರಾತ್ರಿ 'ಬಸ್ಸು ಹತ್ತಬೇಡಿ' ಅನ್ನುವ ಸಾವಿರಾರು ಕರಪತ್ರ ಅಚ್ಚು ಹಾಕಿದರು. ಆಮೇಲೆ 381 ದಿನ ಸಾವಿರಾರು ಕಪ್ಪು ಜನ ಬಸ್ಸು ಹತ್ತಲಿಲ್ಲ. ಎಷ್ಟೋ ಜನ ಮೈಲಿಗಟ್ಟಲೆ ನಡೆದೇ ಕೆಲಸಕ್ಕೆ ಹೋದರು. ನೋಡಿ, ಆ ಕಥೆಯಲ್ಲಿ ಒಬ್ಬ ದಣಿದ ಹೆಂಗಸನ್ನು ಉಳಿಸಿಕೊಂಡೆವು, ಈ ಕಥೆಯಲ್ಲಿ ಒಬ್ಬ ಬಡ ಡಾಕ್ಟರನ್ನು. ಎರಡರಿಂದಲೂ ಬಿಟ್ಟುಹೋದವರು ಒಂದೇ ಜನ, ಬಸ್ಸು ಬಿಟ್ಟು ನಡೆದವರು.

ನಿಮ್ಮ ಕೊನೆಯ ಸಾಲು ಓದಿ ನನಗೆ ನನ್ನ ಶಾಲೆ ನೆನಪಾಯಿತು. ನಾನು ಯಲ್ಲಾಪುರದ ಕಡೆಯವಳು. ನಮ್ಮ ಕ್ಲಾಸಿನಲ್ಲಿ ಇಬ್ಬರು ಸಿದ್ದಿ ಮಕ್ಕಳಿದ್ದರು, ಹಿಂದಿನ ಸಾಲಿನಲ್ಲಿ. ಅವರ ಕೂದಲಿನ ಬಗ್ಗೆ ಎಲ್ಲರೂ ಮಾತಾಡುತ್ತಿದ್ದೆವು, ಅವರ ಹತ್ತಿರ ಮಾತ್ರ ಮಾತಾಡುತ್ತಿರಲಿಲ್ಲ. ಅವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು, ಎಷ್ಟೋ ಜನ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದರು ಅಂತ ನಾನು ಓದಿ ತಿಳಿದದ್ದು ಮೂವತ್ತು ದಾಟಿದ ಮೇಲೆ. ಅವರ ಹಾಡಿ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಇತ್ತು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ, ಹೋಗಲಿ ಅಂತಲೂ ನನಗಿಲ್ಲ. ನಿಮ್ಮ ನಾಚಿಕೆಯನ್ನೂ ಅಡಗಿಸಬೇಡಿ. ಈ ಮನೆಯಲ್ಲಿ ನಿಮಗೆ ಕೆಲಸಕ್ಕೆ ಬರುವುದು ಅದೇ.

ಯಾಕೆಂದರೆ ಹತ್ತು ಪುಸ್ತಕ ಓದಿದವಳು ಓದದವರಿಗೆ ಪಾಠ ಹೇಳಿದರೆ ಯಾರೂ ಕೇಳುವುದಿಲ್ಲ. 'ನಾನೂ ಹೀಗೇ ಅಂದುಕೊಂಡಿದ್ದೆ, ಒಂದು ದಿನ ಇದನ್ನು ಓದಿದೆ, ಆ ರಾತ್ರಿ ನಿದ್ದೆ ಬರಲಿಲ್ಲ' ಅಂತ ಶುರು ಮಾಡಿ. ಮಾವನನ್ನು ಊಟದ ಟೇಬಲ್ಲಿನಲ್ಲಿ ಎಲ್ಲರ ಮುಂದೆ ತಿದ್ದಬೇಡಿ, ಆ ವಯಸ್ಸಿನವರು ಅಲ್ಲಿ ಸೋಲುವುದಿಲ್ಲ. ಸಂಜೆ ವಾಕಿಂಗಿಗೆ ಹೋದಾಗ ಅವರಣ್ಣನ ಬಗ್ಗೆ ನೀವೇ ಕೇಳಿ. ವೀಸಾ ಹೇಗೆ ಸಿಕ್ಕಿತು, ಮೊದಲ ಮನೆ ಯಾರು ಕೊಟ್ಟರು, ಆಸ್ಪತ್ರೆಯಲ್ಲಿ ಜೊತೆಗಿದ್ದವರು ಯಾರು. ಅವರು ಹೇಳುತ್ತಾ ಹೋಗಲಿ. ನೀವು 1965 ಅನ್ನುವುದನ್ನು ನಡುವೆ ಇಡಿ. ಒಂದೇ ದಿನಕ್ಕೆ ಬದಲಾಗುತ್ತಾರೆ ಅಂತ ನಾನು ಹೇಳಲಾರೆ, ನಿಮಗೂ ವರ್ಷಗಳೇ ಬೇಕಾದವು. ಆದರೆ ಮಗಳ ಎದುರು ಆ ಮಾತು ಬಂದಾಗ ಮಾತ್ರ ಸುಮ್ನಿರಬೇಡಿ. 'ತಾತ ಹೇಳಿದ್ದು ನನಗೆ ಸರಿ ಅನ್ನಿಸುವುದಿಲ್ಲ, ಯಾಕೆ ಅಂತ ಆಮೇಲೆ ಹೇಳ್ತೀನಿ' ಅಂದರೆ ಸಾಕು, ಆಮೇಲೆ ನಿಜವಾಗಿ ಹೇಳಿ.

ಗೆಳೆಯರ ಊಟದ ಬಗ್ಗೆ ಜಾಸ್ತಿ ಕೊರಗಬೇಡಿ. ತಟ್ಟೆ ನೋಡಿದವರಲ್ಲಿ ಒಬ್ಬರಿಗಾದರೂ ನಿಮ್ಮ ಹಾಗೇ ಅನ್ನಿಸಿರುತ್ತದೆ. ಅವರಿಗೆ ಫೋನ್ ಮಾಡಿ, ಪುಸ್ತಕ ಕೊಡಿ.

ಇನ್ನೊಂದು. ಮಾಂಟ್ಗೊಮರಿ ನಿಮ್ಮಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ರೋಸಾ ಪಾರ್ಕ್ಸ್ ಹೆಸರಿನ ಮ್ಯೂಸಿಯಂ ಇದೆ. ಮಾವ ಊರಿಗೆ ಹೊರಡುವ ಮೊದಲು ಒಂದು ಶನಿವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಎಲ್ಲರೂ ಹೋಗಿ ಬನ್ನಿ. ಅಲ್ಲಿ ಅವರಿಗೆ ಕಥೆ ಹೇಳುವ ಕೆಲಸ ಮಗಳದಾಗಲಿ, ಅವಳಿಗೆ ಬಂದಷ್ಟು ಕನ್ನಡದಲ್ಲಿ. ಆ ಗೆಳತಿಯನ್ನೂ, ಅವಳ ಅಪ್ಪ ಅಮ್ಮ ಒಪ್ಪಿದರೆ, ಕರೆದುಕೊಂಡು ಹೋಗಿ.