ದಿಂಬಿನ ಮೇಲಿದ್ದ ಮಂಡಿ

ಹಳೇ ದಾವಣಗೆರೆಯ ಮನೆ. ಅರವತ್ತು ದಾಟಿದ ತಾಯಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಾರೆ. ಬಲ ಮಂಡಿಯ ಕೀಲು ಬದಲಿಸುವ ಆಪರೇಷನ್ ಆಗಿ ಏಳನೇ ವಾರ ನಡೆಯುತ್ತಿತ್ತು. ಗುರುತು ಸಿಗದಂತೆ ಮನೆಯ ಕೆಲವು ವಿವರಗಳನ್ನು ಬದಲಿಸಿದೆ. ನನ್ನ ಹತ್ತಿರ ಕರೆದುಕೊಂಡು ಬಂದವಳು ಸೊಸೆ. ಅವಳ ದೂರು ಇಷ್ಟು: "ಅತ್ತೆ ವ್ಯಾಯಾಮ ಮಾಡಂಗಿಲ್ರಿ. ಮಾಡ್ರಿ ಅಂದ್ರೆ ಅಳ್ತಾರೆ. ರಾತ್ರಿ ನಿದ್ದೆ ಇಲ್ಲ. ಸ್ವಲ್ಪ ಧೈರ್ಯ ಹೇಳ್ರಿ."

ಧೈರ್ಯ ಹೇಳುವ ಮೊದಲು ಮಂಡಿ ಅಳೆಯಬೇಕಿತ್ತು. ಫಿಸಿಯೋಥೆರಪಿಸ್ಟ್ ಅಳೆದಾಗ ಮಂಡಿ ಮಡಚುತ್ತಿದ್ದದ್ದು 68 ಡಿಗ್ರಿ. ನೇರ ಮಾಡಿದರೆ ಇನ್ನೂ 15 ಡಿಗ್ರಿ ಬಾಕಿ ಉಳಿಯುತ್ತಿತ್ತು. ಸಮತಟ್ಟು ನೆಲದಲ್ಲಿ ಕಾಲೆತ್ತಿ ಮುಂದಿಡಲು ಸುಮಾರು 60ರಿಂದ 65 ಡಿಗ್ರಿ ಸಾಕು, ಹಾಗಾಗಿ ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತಿದ್ದರು. ಮೆಟ್ಟಿಲು ಹತ್ತಲು 80ರಿಂದ 90 ಬೇಕು, ಕೈ ಊರದೆ ಕುರ್ಚಿಯಿಂದ ಏಳಲು 90ಕ್ಕಿಂತ ಹೆಚ್ಚು ಬೇಕು. ಸಾಮಾನ್ಯವಾಗಿ ಆರು ವಾರದ ಹೊತ್ತಿಗೆ 90 ದಾಟಿರಬೇಕು ಎಂದು ಸರ್ಜನ್‌ಗಳು ನಿರೀಕ್ಷಿಸುತ್ತಾರೆ. ಮನೆಯವರ ಗಮನವೆಲ್ಲ ಮಡಚುವುದರ ಮೇಲೇ ಇತ್ತು. ಹೆಚ್ಚು ಚಿಂತೆಯ ಸಂಗತಿ ಆ 15 ಡಿಗ್ರಿ ಬಾಕಿ. ಕಾಲು ಪೂರ್ತಿ ನೇರವಾಗದಿದ್ದರೆ ನಿಂತಾಗಲೂ ತೊಡೆಯ ಸ್ನಾಯುವಿಗೆ ಬಿಡುವಿಲ್ಲ. ನಡಿಗೆ ಕುಂಟುತ್ತದೆ, ಸೊಂಟಕ್ಕೂ ಇನ್ನೊಂದು ಮಂಡಿಗೂ ಭಾರ ಬೀಳುತ್ತದೆ.

ಬಾಕಿ ಉಳಿದದ್ದು ಯಾಕೆ ಎಂದು ತಿಳಿಯಲು "ರಾತ್ರಿ ಹೆಂಗೆ ಮಲಗ್ತೀರಿ?" ಎಂಬ ಒಂದು ಪ್ರಶ್ನೆ ಸಾಕಾಯಿತು. ಮಂಡಿ ಕೆಳಗೆ ದಿಂಬು. ನೋವಾಗಬಾರದೆಂದು ಸೊಸೆಯೇ ಪ್ರೀತಿಯಿಂದ ಇಟ್ಟದ್ದು, ಹಗಲಲ್ಲೂ ತೆಗೆದಿರಲಿಲ್ಲ. ಮಂಡಿ ಸ್ವಲ್ಪ ಬಾಗಿದ್ದಾಗ ಕೀಲಿನೊಳಗಿನ ಒತ್ತಡ ಕಡಿಮೆ, ಅದಕ್ಕೇ ಆರಾಮ ಅನ್ನಿಸುತ್ತದೆ. ಆದರೆ ಆ ಬಾಗಿದ ಭಂಗಿಯಲ್ಲೇ ಮಂಡಿ ಹಿಂದಿನ ಪೊರೆ ಮತ್ತು ಸ್ನಾಯು ಗಿಡ್ಡವಾಗಿ ಕೂರುತ್ತವೆ. ದಿಂಬು ಬೇಕೇ ಬೇಕೆಂದರೆ ಹಿಮ್ಮಡಿಯ ಕೆಳಗೆ ಇಡಬಹುದು, ಮಂಡಿಯ ಕೆಳಗೆ ಎಂದೂ ಬೇಡ.

ಎರಡನೆಯ ಕಾರಣ ಮಗ. ವಾರವೆಲ್ಲ ಕೆಲಸ, ಭಾನುವಾರ ಬಿಡುವು. ಯಾವುದೋ ವಿಡಿಯೋ ನೋಡಿ ಅಮ್ಮನನ್ನು ಮಂಚದ ಮೇಲೆ ಮಲಗಿಸಿ, ಕಣಕಾಲು ಹಿಡಿದು ಒತ್ತಿ ಮಡಚುತ್ತಿದ್ದ. ಆ ಮೇಲೆ ಬುಧವಾರದವರೆಗೆ ಮಂಡಿ ಊದಿ ಬಿಸಿಯಾಗಿರುತ್ತಿತ್ತು. ಊದಿದ ಮಂಡಿಗೆ ತೊಡೆಯ ಮುಂದಿನ ಸ್ನಾಯು ಸರಿಯಾಗಿ ಕೆಲಸ ಕೊಡುವುದಿಲ್ಲ, ಕಾಲು ತಾನಾಗಿ ಬಿಗಿ ಹಿಡಿಯುತ್ತದೆ. ಹೀಗೆ ವಾರವೆಲ್ಲ ವಿಶ್ರಾಂತಿ, ಒಂದು ದಿನ ಬಲವಂತ. ಬಿಗಿತ ಬೆಳೆಯಲು ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕಿಲ್ಲ.

ಮೂರನೆಯದು ಎಲ್ಲರೂ ಹೊರಗೆ ಹೋದ ಮೇಲೆ ಹೊರಬಿತ್ತು. ತಾಯಿ ದನಿ ತಗ್ಗಿಸಿ ಹೇಳಿದರು: "ಮಗನ ಮುಂದೆ ಹೇಳಬ್ಯಾಡ್ರಿ. ನೋವಿನ ಗುಳಿಗಿ ನಾನು ನುಂಗಂಗಿಲ್ಲ, ಕಿಡ್ನಿ ಹೋಗ್ತಾವಂತೆ. ಬಾಯಾಗ ಇಟ್ಕಂಡು ಆಮೇಲೆ ಉಗುಳ್ತೀನಿ." ಯಜಮಾನರ ಒಂದು ಮಾತೂ ಒಳಗೆ ಕೊರೆಯುತ್ತಿತ್ತು: "ಚೀಟಿ ದುಡ್ಡೆಲ್ಲ ಸುರುದ್ರೂ ನೀನು ವಾಕರ್ ಬಿಡಲಿಲ್ಲ." ಖರ್ಚಿನ ಋಣ ತಲೆ ಮೇಲಿದ್ದವರು ನೋವು ಮುಚ್ಚಿಡುತ್ತಾರೆ, ಮುಚ್ಚಿಟ್ಟ ನೋವು ವ್ಯಾಯಾಮದ ಹೊತ್ತಿಗೆ ಅಳುವಾಗಿ ಬರುತ್ತದೆ. ಊಟ, ಮೊಮ್ಮಗುವಿನ ಜೊತೆ ಮಾತು, ಸಂಜೆ ಧಾರಾವಾಹಿಯ ಆಸಕ್ತಿ ಎಲ್ಲ ಕೇಳಿ ನೋಡಿದೆವು, ಯಾವುದೂ ಕುಂದಿರಲಿಲ್ಲ. ಆದ್ದರಿಂದ ಇದನ್ನು ಖಿನ್ನತೆ ಎಂದು ಬರೆಯಲಿಲ್ಲ. ನೋವು ಹಿಡಿತಕ್ಕೆ ಬಂದ ಮೇಲೂ ಎರಡು ವಾರ ಮನಸ್ಸು ಕುಗ್ಗಿಯೇ ಇದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಸೊಸೆಗೆ ತಿಳಿಸಿದೆ.

ಮಾತ್ರೆಯ ವಿಷಯ ಮೊದಲು ಬಗೆಹರಿಯಬೇಕಿತ್ತು. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವು ನೋವಿನ ಮಾತ್ರೆ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲವು, ಹಾಗಾಗಿ ಆಕೆಯ ಭಯ ಪೂರ್ತಿ ಸುಳ್ಳಲ್ಲ. ಅದಕ್ಕೆ ದಾರಿ ಗುಟ್ಟಾಗಿ ಉಗುಳುವುದಲ್ಲ. ಸರ್ಜನ್ ಹತ್ತಿರ ಹೇಳಿ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಒಪ್ಪುವ ಮಾತ್ರೆ ಬರೆಸಿಕೊಳ್ಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಯಂತೂ ಬೇಡವೇ ಬೇಡ. ಬರೆದ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮೊದಲು ತೆಗೆದುಕೊಂಡರೆ ಅದರ ಪ್ರಯೋಜನ ಸರಿಯಾದ ಹೊತ್ತಿಗೆ ಸಿಗುತ್ತದೆ. ಈ ತಾಯಿ ಇಷ್ಟು ದಿನ ಮಾತ್ರೆಯಿಲ್ಲದೆ ಮಂಡಿ ಮಡಚಲು ಹೋಗಿ ಸೋತಿದ್ದರು. ಮನೆಯವರು ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದರು.

ಇನ್ನೊಂದು ಭಯ, ಒಳಗಿನ ಲೋಹ ಕಳಚಿಕೊಂಡೀತೆಂಬುದು. ಅವರ ಮಂಡಿಯಲ್ಲಿ ತೊಡೆಮೂಳೆಯ ತುದಿಗೂ ಕೆಳಮೂಳೆಯ ಮೇಲ್ಭಾಗಕ್ಕೂ ಲೋಹದ ಭಾಗ, ನಡುವೆ ಗಟ್ಟಿ ಪ್ಲಾಸ್ಟಿಕ್ ಇದೆ. ಅಂಟಿಸುವ ಸಿಮೆಂಟ್ ಆಪರೇಷನ್ ಕೋಣೆಯಲ್ಲೇ ಕೆಲವು ನಿಮಿಷಗಳಲ್ಲಿ ಗಟ್ಟಿಯಾಗಿರುತ್ತದೆ. ತಮ್ಮ ಶಕ್ತಿಯಲ್ಲಿ ತಾವೇ ಮಡಚಿದರೆ ಅದು ಸಡಿಲವಾಗುವುದಿಲ್ಲ. ಮಡಚಲು ಅಡ್ಡ ಬರುವುದು ಗಾಯ ಮಾಯುವಾಗ ಒಳಗೆ ಬೆಳೆಯುವ ಅಂಗಾಂಶ. ನಾದಿಟ್ಟ ಜೋಳದ ಹಿಟ್ಟು ಹೊತ್ತಾದಂತೆ ಬಿರುಸಾಗುವ ಹಾಗೆ ಅದೂ ವಾರ ಕಳೆದಂತೆ ಗಟ್ಟಿಯಾಗುತ್ತದೆ. ಇಷ್ಟು ಕೇಳಿದ ಮೇಲೆ ತಾಯಿ ತಾವಾಗಿಯೇ ಕೇಳಿದರು: "ಹಂಗಾರೆ ದಿನಾ ಸ್ವಲ್ಪ ಸ್ವಲ್ಪ ಮಾಡಾದೇ ಛಲೋ ಅಲ್ರಿ?"

ಹೌದು. ದಿನಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಇಪ್ಪತ್ತು ನಿಮಿಷದೊಳಗೆ ಎಂದು ಫಿಸಿಯೋಥೆರಪಿಸ್ಟ್ ಜೊತೆ ಕೂತು ಗೊತ್ತುಮಾಡಿದೆವು. ಬೆಳಿಗ್ಗೆಯ ಸರದಿ ಬಿಸಿನೀರಿನ ಸ್ನಾನ ಆದ ಮೇಲೆ.

ಮೊದಲು ನೇರ ಮಾಡುವುದು. ಮಂಚದ ಮೇಲೆ ಕಾಲು ಚಾಚಿ, ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಟ್ಟು, ಮಂಡಿಯ ಹಿಂಭಾಗ ಗಾಳಿಯಲ್ಲಿ ತೂಗುವಂತೆ ಬಿಡಬೇಕು. ಶುರುವಿಗೆ 5 ನಿಮಿಷ, ತಡೆದರೆ 10ರವರೆಗೆ. ಇಲ್ಲಿ ಎಲ್ಲರೂ ತಪ್ಪುವ ಜಾಗವೊಂದಿದೆ: ನೋವು ತಪ್ಪಿಸಿಕೊಳ್ಳಲು ಪಾದ ಹೊರಕ್ಕೆ ವಾಲುತ್ತದೆ, ಮಂಡಿಯೂ ಜೊತೆಗೆ ತಿರುಗುತ್ತದೆ. ಹೀಗೆ ಗಂಟೆಗಟ್ಟಲೆ ಮಲಗಿದರೂ ಒಂದು ಡಿಗ್ರಿ ಸಿಗದು. ಬೆರಳುಗಳು ಸೂರು ನೋಡುತ್ತಿರಬೇಕು, ಪಾದ ವಾಲಿದರೆ ಪಕ್ಕಕ್ಕೊಂದು ದಿಂಬು ಕೊಡಬೇಕು. ಅದೇ ಭಂಗಿಯಲ್ಲಿ ತೊಡೆ ಬಿಗಿದು ಮಂಡಿಯನ್ನು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿದು ಬಿಡುವುದು, 10 ಸಲ. ಒತ್ತುವಾಗ ಉಸಿರು ಕಟ್ಟಬಾರದು. ಮಂಡಿ ಚಿಪ್ಪು ತೊಡೆಯ ಕಡೆ ಸ್ವಲ್ಪ ಮೇಲೇರಿದ್ದು ಬೆರಳಿಗೆ ಸಿಕ್ಕರೆ ಸ್ನಾಯು ಕೆಲಸ ಮಾಡಿದೆ ಎಂದರ್ಥ.

ಹೊಲಿಗೆಯ ಗಾಯ ಪೂರ್ತಿ ಒಣಗಿತ್ತು, ಆದ್ದರಿಂದ ಚಿಪ್ಪು ಸರಿಸುವುದನ್ನೂ ಸೇರಿಸಿದೆವು. ಕಾಲು ಸಡಿಲ ಬಿಟ್ಟು, ಹೆಬ್ಬೆರಳು ತೋರುಬೆರಳಿನಲ್ಲಿ ಚಿಪ್ಪನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಮೆಲ್ಲಗೆ ದೂಡುವುದು, ಎರಡು ನಿಮಿಷ. ಚಿಪ್ಪು ಅಂಟಿಕೊಂಡಿದ್ದರೆ ಮಂಡಿ ಎಷ್ಟು ಎಳೆದರೂ ಮಡಚದು.

ಮಡಚಲು ಎರಡು ಬಗೆ. ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಂಚದ ಮೇಲೆ ಕಾಲನ್ನು ತನ್ನ ಕಡೆ ಜಾರಿಸುವುದು. ತಾನೇ ಎಳೆದು ನಿಂತ ಜಾಗದಿಂದ ಇನ್ನೂ ಸ್ವಲ್ಪ ಮುಂದೆ ತರಲು ಪಾದಕ್ಕೆ ಹಳೆಯ ನೂಲಿನ ಸೀರೆ ಸುತ್ತಿ ಎಳೆಯಬಹುದು. 10 ಸೆಕೆಂಡ್ ಹಿಡಿದು ಬಿಡುವುದು, 10 ಸಲ. ಇನ್ನೊಂದು ಕುರ್ಚಿಯ ಮೇಲೆ: ಒಳ್ಳೆಯ ಕಾಲಿನ ಕಣಕಾಲನ್ನು ಆಪರೇಷನ್ ಕಾಲಿನ ಮುಂದೆ ಅಡ್ಡ ಇಟ್ಟು ಹಿಂದಕ್ಕೆ ದೂಡುತ್ತ 20ರಿಂದ 30 ಸೆಕೆಂಡ್ ಹಿಡಿಯುವುದು, 5 ಸಲ. ಇಲ್ಲಿ ಮೋಸ ಮಾಡುವುದು ಸೊಂಟ. ಬಲ ಪೃಷ್ಠ ಕುರ್ಚಿಯಿಂದ ಎದ್ದರೆ ಮಡಚಿದಂತೆ ಕಾಣುತ್ತದೆಯೇ ಹೊರತು ಮಂಡಿ ಮಡಚಿರುವುದಿಲ್ಲ. ಸೊಸೆಗೆ ನೋಡಲು ಹೇಳಿದ್ದು ಇದನ್ನೇ. ಕಾಲು ಮುಟ್ಟುವುದು ಬೇಡ, ಸೊಂಟದ ಮೇಲೆ ಕಣ್ಣಿಟ್ಟರೆ ಸಾಕು.

ಆಮೇಲೆ ಬಟ್ಟೆ ಸುತ್ತಿದ ಐಸ್ 15 ನಿಮಿಷ. ಸಕ್ಕರೆ ಕಾಯಿಲೆಯಲ್ಲಿ ಚರ್ಮದ ಸ್ಪರ್ಶ ಮಂದವಾಗಿರಬಹುದು, ಹೊಲಿಗೆಯ ಹೊರಬದಿಯಂತೂ ಆಪರೇಷನ್ ಆದವರಲ್ಲಿ ಬಹಳ ಸಲ ಮರಗಟ್ಟಿರುತ್ತದೆ. ಅದಕ್ಕೆ ಐದೈದು ನಿಮಿಷಕ್ಕೆ ಎತ್ತಿ ಚರ್ಮ ನೋಡಬೇಕು. ಎಣ್ಣೆ ಕಾಯಿಸಿ ತಿಕ್ಕಿಸುವ ಮಾತನ್ನು ನೆರೆಮನೆಯವರು ಎತ್ತಿದ್ದರು, ಖಂಡಿತ ಬೇಡವೆಂದೆವು.

ನೋವಿಗೆ ಒಂದು ಅಳತೆ ಕೊಟ್ಟೆವು. ಹತ್ತು ಪೈಸೆ ನೋವು ಎಂದರೆ ತಡೆಯಲಾರದ್ದು. ವ್ಯಾಯಾಮದ ಹೊತ್ತಿಗೆ ನಾಲ್ಕೈದು ಪೈಸೆಯವರೆಗೆ ಎಳೆತ ಬರಲಿ, ಮುಗಿಸಿ ಒಂದು ಗಂಟೆಯೊಳಗೆ ಮೊದಲಿನಷ್ಟಕ್ಕೆ ಇಳಿಯಬೇಕು. ಮರುದಿನ ಬೆಳಿಗ್ಗೆ ಊತ ಹೆಚ್ಚಿದ್ದರೆ ಆ ದಿನ ಸಂಖ್ಯೆ ಅರ್ಧ ಮಾಡಬೇಕು, ಪೂರ್ತಿ ನಿಲ್ಲಿಸಬಾರದು. ಮೀನಖಂಡ ಊದಿ ಹಿಂಡಿದಂತೆ ನೋವು, ಜ್ವರ, ಗಾಯದಿಂದ ಸೋರುವುದು ಕಂಡರೆ ವ್ಯಾಯಾಮ ಬಿಟ್ಟು ಅದೇ ದಿನ ಆಸ್ಪತ್ರೆಗೆ. ಎದೆ ಹಿಡಿದು ಏದುಸಿರು ಬಂದರೆ ತಡಮಾಡದೆ 108ಕ್ಕೆ ಫೋನ್.

ಮಗನ ಭಾನುವಾರದ ಉತ್ಸಾಹವನ್ನು ಹಾಳು ಮಾಡದೆ ಬೇರೆ ಕೆಲಸಕ್ಕೆ ತಿರುಗಿಸಿದೆವು: ಅಳೆಯುವುದು ಅವನ ಪಾಲಿಗೆ. ಕುರ್ಚಿಯನ್ನು ಗೋಡೆಗೆ ತಾಗಿಸಿ, ಅಮ್ಮ ಕಾಲು ಹಿಂದಕ್ಕೆ ಎಳೆದಾಗ ಹಿಮ್ಮಡಿ ಎಲ್ಲಿಗೆ ಬಂತೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಮಲಗಿದಾಗ ಮಂಡಿಯ ಹಿಂದೆ ಎಷ್ಟು ಬೆರಳು ತೂರುತ್ತವೆ ಎಂಬ ಲೆಕ್ಕ. ವಾರಕ್ಕೊಮ್ಮೆ, ಅದೇ ಹೊತ್ತಿಗೆ. ದಿನಾ ಅಳೆದರೆ ಬೆಳಗಿನ ಬಿಗಿತ ನೋಡಿಯೇ ಎದೆ ಕುಸಿಯುತ್ತದೆ. ಯಜಮಾನರಿಗೆ ಒಂದೇ ಕೋರಿಕೆ, ಖರ್ಚಿನ ಮಾತು ಮೂರು ತಿಂಗಳು ಎತ್ತಬೇಡಿ ಎಂದು. ಅವರು ಮುಖ ಗಂಟಿಕ್ಕಿದರು, ಆದರೆ ಒಪ್ಪಿದರು.

ತಾಯಿಗೆ ಏನಾಗಬೇಕು ಎಂದು ಕೇಳಿದಾಗ ಡಿಗ್ರಿಯ ಮಾತೇ ಬರಲಿಲ್ಲ. "ಹರಿಹರದ ಮಗಳ ಮನೆಗೆ ಬಸ್ಸಿನಾಗ ಹೋಗಬೇಕ್ರಿ." ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಹಾಗಾಗಿ ಮನೆ ಮುಂದಿನ ಕಟ್ಟೆಯಲ್ಲೇ ಅಭ್ಯಾಸ ಶುರುವಾಯಿತು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು, ಕೈ ಕಂಬಿಯ ಮೇಲೆ.

ಇದರ ಜೊತೆಗೇ ಸರ್ಜನ್ ಭೇಟಿಯನ್ನು ಮುಂದೂಡಬೇಡಿ ಎಂದೆವು. ಬಿಗಿತದ ಹಿಂದೆ ಸೋಂಕು ಅಥವಾ ಕೀಲಿನ ಜೋಡಣೆಯ ದೋಷ ಇದ್ದರೆ ಯಾವ ವ್ಯಾಯಾಮವೂ ಕೆಲಸಕ್ಕೆ ಬಾರದು. ಎಕ್ಸ್‌ರೇ ಮತ್ತು ಸೋಂಕಿನ ಸುಳಿವು ಕೊಡುವ ಇ.ಎಸ್.ಆರ್., ಸಿ.ಆರ್.ಪಿ. ಎಂಬ ರಕ್ತಪರೀಕ್ಷೆ ನೋಡಿ ಅವೆರಡೂ ಇಲ್ಲವೆಂದಾಯಿತು. ಅರಿವಳಿಕೆ ಕೊಟ್ಟು ಸರ್ಜನ್ ಮಂಡಿ ಮಡಚುವ ಚಿಕಿತ್ಸೆಯೂ ಇದೆ. ಅದನ್ನು ಮೂರು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು, ತಡವಾದಷ್ಟು ಫಲ ಕಡಿಮೆ, ಮೂಳೆ ಮುರಿಯುವ ಅಪಾಯ ಹೆಚ್ಚು. ಅದಕ್ಕೇ ಹತ್ತನೇ ವಾರಕ್ಕೆ ಮರುಪರೀಕ್ಷೆ ಗೊತ್ತಾಗಿತ್ತು. ಆ ದಿನ ಮಡಚಿದ್ದು 86, ಬಾಕಿ 8. ಸರ್ಜನ್ ಆ ಚಿಕಿತ್ಸೆ ಬೇಡವೆಂದರು. ಹದಿನಾಲ್ಕನೇ ವಾರಕ್ಕೆ 97 ಮತ್ತು 4. ಪಕ್ಕದ ಮನೆಯವರಿಗೆ 120 ಬಂದಿದೆ ಎಂಬ ಹೋಲಿಕೆ ಇನ್ನೂ ನಿಂತಿಲ್ಲ. ಆಪರೇಷನ್‌ಗೆ ಮೊದಲೇ ಈ ತಾಯಿಯ ಮಂಡಿ 100ರ ಆಚೆ ಮಡಚುತ್ತಿರಲಿಲ್ಲ. ಮುಂಚೆ ಎಷ್ಟಿತ್ತು ಎಂಬುದು ಆಮೇಲೆ ಎಷ್ಟು ಸಿಗುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುತ್ತದೆ. ಕುಕ್ಕರಗಾಲಲ್ಲಿ ಕೂರುವುದು ಇನ್ನು ಇಲ್ಲ, ಮನೆಗೆ ಕಮೋಡ್ ಕುರ್ಚಿ ಬಂದಿದೆ.

ಈಗ ಎಡ ಮಂಡಿಯೂ ನೋಯುತ್ತಿದೆ, ಅದನ್ನೂ ಮಾಡಿಸೋಣವೇ ಎಂದು ಯಜಮಾನರೇ ಕೇಳಲು ಬಂದಿದ್ದರು. ಮಾಡಿಸುವುದಾದರೆ ಬಲಗಾಲು ಭಾರ ಹೊರುವಷ್ಟು ಗಟ್ಟಿಯಾಗಲಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ಸರ್ಜನ್ ಹೇಳಿದ ಮಿತಿಗೆ ಬರಲಿ, ಆಪರೇಷನ್‌ಗೆ ಆರು ವಾರ ಮೊದಲಿಂದಲೇ ಎಡ ತೊಡೆಗೂ ಇದೇ ಬಿಗಿಯುವ ವ್ಯಾಯಾಮ ನಡೆಯಲಿ ಎಂದು ಹೇಳಿದೆವು. ನೋವಿನ ಮಾತ್ರೆಯ ಮಾತನ್ನು ಆಸ್ಪತ್ರೆಗೆ ಸೇರುವ ಮೊದಲೇ ತಾಯಿಯ ಎದುರಿಗೇ ಸರ್ಜನ್ ಜೊತೆ ಆಡಿ ಮುಗಿಸಿ ಎಂದೂ ಬರೆದುಕೊಟ್ಟೆವು.