ಬಾಡ್ ಡ್ಯೂರ್ಕ್‌ಹೈಮ್‌ನ ವೈನ್ ಹಬ್ಬಕ್ಕೆ ಒಂದು ದಿನ ಇಡಬಹುದಾ?

ನೀವು ಕೇಳಿದ್ದು ಇಷ್ಟು: ಸೆಪ್ಟೆಂಬರ್‌ನಲ್ಲಿ ಜರ್ಮನಿಗೆ ಬರುತ್ತಿದ್ದೀರಿ, ಬಾಡ್ ಡ್ಯೂರ್ಕ್‌ಹೈಮ್‌ನ ವುರ್ಸ್ಟ್‌ಮಾರ್ಕ್ಟ್ ಹಬ್ಬಕ್ಕೆ ಒಂದು ದಿನ ಇಡಬಹುದಾ ಅಂತ. ನಿಮಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ. ನಿಮ್ಮ ಮನೆಯವರು ಕುಡಿಯುವುದಿಲ್ಲ, ಮಾಂಸವನ್ನೂ ತಿನ್ನುವುದಿಲ್ಲ.

ಖಂಡಿತ ಇಡಿ. ನಾನು ಕೆಲಸದ ಮೇಲೆ ಮಾನ್‌ಹೈಮ್‌ನಲ್ಲಿದ್ದೇನೆ, ಇದುವರೆಗೆ ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ನನಗೂ ನಿಮ್ಮದೇ ಅಳುಕು ಇತ್ತು. ವೈನ್ ಹಬ್ಬ ಅಂದರೆ ಗ್ಲಾಸ್ ಅಲ್ಲಾಡಿಸಿ, ಮೂಸಿ ನೋಡಿ, ದೊಡ್ಡ ದೊಡ್ಡ ಮಾತಾಡುವವರ ಜಾಗ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಅಪ್ಪಟ ಜಾತ್ರೆ. ದೊಡ್ಡ ತೊಟ್ಟಿಲು, ಮಕ್ಕಳ ಆಟ, ಸಕ್ಕರೆಯಲ್ಲಿ ಹುರಿದ ಬಾದಾಮಿಯ ಘಮ, ಬ್ಯಾಂಡು, ನೂಕುನುಗ್ಗಲು, ಎಲ್ಲ ಇದೆ.

ಜಾತ್ರೆ ಅಂತ ಸುಮ್ನೆ ಹೇಳುತ್ತಿಲ್ಲ, ಅದು ಹುಟ್ಟಿದ್ದೇ ಹಾಗೆ. ಊರಿಗೆ ಅಂಟಿಕೊಂಡ ಹಾಗೆ ಮಿಖಾಯೆಲ್ಸ್‌ಬೆರ್ಗ್ ಅನ್ನುವ ಗುಡ್ಡ ಇದೆ. ಅದರ ಮೇಲೆ ಸಂತ ಮೈಕೇಲನ ಪುಟ್ಟ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ ಇತ್ತು. ಸೆಪ್ಟೆಂಬರ್ 29 ಆ ಸಂತನ ದಿನ, ಯಾತ್ರಿಕರು ಗುಡ್ಡ ಹತ್ತುತ್ತಿದ್ದರು. ಜನ ಸೇರಿದ ಕಡೆ ವ್ಯಾಪಾರ ಬಂದೇ ಬರುತ್ತದೆ, ಅಲ್ವಾ? ಸುತ್ತಲಿನ ರೈತರು ವೈನು, ಬ್ರೆಡ್ಡು, ಸಾಸೇಜು ಎಲ್ಲವನ್ನೂ ಒಂಟಿ ಚಕ್ರದ ಕೈಗಾಡಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರು. ಹಬ್ಬದ ಲೆಕ್ಕವನ್ನು 1417ರಿಂದ ಹಿಡಿಯುತ್ತಾರೆ. ವುರ್ಸ್ಟ್‌ಮಾರ್ಕ್ಟ್ ಅಂದರೆ ಸಾಸೇಜ್ ಸಂತೆ. ಆ ಹೆಸರು ಬಂದಿದ್ದು ಮಾತ್ರ ಬಹಳ ತಡವಾಗಿ, 1832ರ ಹೊತ್ತಿಗೆ. ಇಪ್ಪತ್ತು ಸಾವಿರ ಜನರೂ ಇಲ್ಲದ ಊರಿಗೆ ಈಗ ಹಬ್ಬದ ದಿನಗಳಲ್ಲಿ ಲಕ್ಷಗಟ್ಟಲೆ ಮಂದಿ ಬರುತ್ತಾರೆ.

ಆ ಕೈಗಾಡಿಯ ನೆನಪಿನಲ್ಲಿ ಇವತ್ತಿಗೂ ಕೆಲವು ಅಂಗಡಿಗಳಿಗೆ ಶೂಬ್‌ಕಾರ್ಖ್ ಅಂತಲೇ ಹೆಸರು. ಕೈಗಾಡಿ ಅಂತಲೇ ಅರ್ಥ. ನೀವು ಕೂರಬೇಕಾದ್ದು ಅಲ್ಲಿ. ಸಣ್ಣ ಡೇರೆ, ಉದ್ದುದ್ದ ಕಿರಿದಾದ ಮೇಜು, ಬೆಂಚು. ನಿಮಗೆ ಅಂತ ಬೇರೆ ಮೇಜು ಸಿಗುವುದಿಲ್ಲ. ಅಪರಿಚಿತರ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕು. ಅದೇ ಅಲ್ಲಿಯ ಸುಖ. ವೈನನ್ನು ಸ್ವಲ್ಪ ಸ್ವಲ್ಪ ರುಚಿ ನೋಡಬೇಕು ಅನ್ನಿಸಿದರೆ ಪಕ್ಕದಲ್ಲೇ ವೈನ್‌ಡೋರ್ಫ್ ಅಂತ ಒಂದು ಭಾಗ ಇದೆ, ಅಲ್ಲಿ ಸಣ್ಣ ಗ್ಲಾಸ್ ಸಿಗುತ್ತದೆ. ಆದರೆ ಒಂದೇ ದಿನ ಇರುವವರಿಗೆ ನಾನು ಬೆಂಚನ್ನೇ ಹೇಳುತ್ತೇನೆ.

ಬೆಂಚಿನಲ್ಲಿ ಬರುವ ಗ್ಲಾಸ್ ಅರ್ಧ ಲೀಟರಿನದು. ಮೇಲೆ ಅಗಲ, ಬುಡ ಕಿರಿದು, ಮೈತುಂಬ ಹೆಬ್ಬೆರಳಲ್ಲಿ ಒತ್ತಿದ ಹಾಗೆ ಗುಳಿಗಳು. ಡುಬ್ಬೆಗ್ಲಾಸ್ ಅನ್ನುತ್ತಾರೆ. ಮಾಂಸ ಕಡಿಯುವವರ ಜಿಡ್ಡುಗೈಯಿಂದ ಜಾರದಿರಲಿ ಅಂತ ಹೀಗೆ ಮಾಡಿದ್ದಂತೆ, ಅಲ್ಲಿಯವರು ಹೇಳುವ ಕಥೆ ಅದು. ಹಿಡಿದು ನೋಡಿ, ಬೆರಳುಗಳು ತಾವಾಗಿಯೇ ಗುಳಿಯಲ್ಲಿ ಹೋಗಿ ಕೂರುತ್ತವೆ.

ಮೊದಲ ವರ್ಷ ನನ್ನ ಪಕ್ಕ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ಅಜ್ಜ ಒಂದು ಗುಟುಕು ಕುಡಿದು ಗ್ಲಾಸನ್ನು ಹೆಂಡತಿಗೆ ಕೊಟ್ಟರು. ಅವರು ಕುಡಿದು ನನ್ನ ಮುಂದೆ ಸರಿಸಿದರು. ನಾನು ಯಾರೋ ಏನೋ, ಹೆಸರೂ ಕೇಳಿರಲಿಲ್ಲ. ನನ್ನ ಕೈ ಮೇಜಿನ ಮೇಲೆ ಹಾಗೇ ನಿಂತಿತು. ಎಂಜಲು ಅನ್ನುವುದು ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಅವತ್ತು ಗೊತ್ತಾಯಿತು. ಅಜ್ಜಿ ಏನೂ ಅನ್ನಲಿಲ್ಲ, ಗ್ಲಾಸನ್ನು ಇನ್ನೊಂದು ಇಂಚು ನನ್ನ ಕಡೆ ತಳ್ಳಿದರು, ಅಷ್ಟೇ. ಕುಡಿದೆ. ಖಾಲಿಯಾದ ಮೇಲೆ ಮುಂದಿನ ಗ್ಲಾಸ್ ನಾನು ತಂದೆ. ಈ ಊರಿರುವ ಫಾಲ್ಟ್ಸ್ ಸೀಮೆಯಲ್ಲಿ ಒಂದೇ ಗ್ಲಾಸನ್ನು ಹೀಗೆ ಸುತ್ತು ಹಾಕಿಸುವುದು ಹಳೆಯ ರೂಢಿ. ಬೇಡ ಅನ್ನಿಸಿದರೆ ನಗುತ್ತಾ ‘ನೈನ್, ಡಾಂಕೆ’ ಅನ್ನಿ. ಬೇಜಾರು ಮಾಡಿಕೊಂಡವರನ್ನು ನಾನು ನೋಡಿಲ್ಲ. ಕುಡಿಯುವಾಗ ‘ತ್ಸುಮ್ ವೋಲ್’ (ನಮ್ಮ ‘ಚಿಯರ್ಸ್’ ಇದ್ದ ಹಾಗೆ) ಅಂತ ಹೇಳಿದರೆ ಖುಷಿಪಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಅಲ್ಲಿ ಹೆಚ್ಚು ಜನ ಕುಡಿಯುವುದು ಶೋರ್ಲೆ, ಅಂದರೆ ರೀಸ್ಲಿಂಗ್ ಅನ್ನುವ ಬಿಳಿ ವೈನಿಗೆ ಸೋಡಾ ನೀರು ಬೆರೆಸಿದ್ದು. ತಣ್ಣಗೆ, ಸ್ವಲ್ಪ ಹುಳಿ, ಸುಲಭವಾಗಿ ಗಂಟಲಿಗೆ ಇಳಿಯುತ್ತದೆ. ಬೇರೆ ಕಡೆ ಅರ್ಧಕ್ಕರ್ಧ ಬೆರೆಸುತ್ತಾರೆ, ಇಲ್ಲಿ ಕೈ ಧಾರಾಳ. ಮುಕ್ಕಾಲು ವೈನ್ ಇದ್ದರೆ ಒಂದು ಗ್ಲಾಸಿಗೆ 375 ಮಿಲಿ ಆಯಿತು. ವೈನ್ ಬಾಟಲಿ 750 ಮಿಲಿ, ಅಂದರೆ ಒಂದು ಗ್ಲಾಸ್ ಅರ್ಧ ಬಾಟಲಿಗೆ ಸಮ! ನಾನು ಎರಡನೇ ಸಲ ಹೋದಾಗ ಬಿಸಿಲಿತ್ತು. ಬಾಯಾರಿಕೆಗೆ ಅಂತ ಒಂದೂವರೆ ಗ್ಲಾಸ್ ಬೇಗ ಬೇಗ ಕುಡಿದೆ. ಉಳಿದ ಸಂಜೆಯೆಲ್ಲ ತಲೆ ಹಿಡಿದುಕೊಂಡು ಒಂದು ಮೂಲೆಯಲ್ಲಿ ಕಳೆಯಿತು. ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳಿ, ಮೊದಲು ಏನಾದರೂ ತಿನ್ನಿ. ಇಬ್ಬರಿಗೆ ಒಂದು ಗ್ಲಾಸ್ ತಂದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಿಮ್ಮ ಮನೆಯವರಿಗೆ ಟ್ರೌಬೆನ್‌ಸಾಫ್ಟ್ ಕೇಳಿ, ದ್ರಾಕ್ಷಿ ರಸ. ಸೋಡಾ ಬೆರೆಸಿಯೂ ಕೊಡುತ್ತಾರೆ.

ಊಟದ ವಿಷಯ. ನೀವು ಮಾಂಸ ತಿನ್ನುವವರಾದರೆ ಸೌಮಾಗನ್ ಬಿಡಬೇಡಿ. ಹಂದಿಯ ಹೊಟ್ಟೆಚೀಲದಲ್ಲಿ ಮಾಂಸ, ಆಲೂಗಡ್ಡೆ, ಮಸಾಲೆ ತುಂಬಿ ಬೇಯಿಸುತ್ತಾರೆ. ಆಮೇಲೆ ಹೋಳು ಮಾಡಿ, ಬಾಣಲೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ ಕೊಡುತ್ತಾರೆ. ಈ ಸೀಮೆಯವರೇ ಆದ ಹೆಲ್ಮುಟ್ ಕೋಲ್ ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥರು ಆಗಿದ್ದಾಗ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೂ ಇದನ್ನೇ ಬಡಿಸಿದ್ದರು, ಹತ್ತಿರದ ಡೈಡೆಸ್‌ಹೈಮ್‌ನಲ್ಲಿ.

ಸಸ್ಯಾಹಾರಿಗೆ ಉಪವಾಸ ಏನಿಲ್ಲ, ಆದರೆ ಕೇಳಿ ತಿನ್ನಬೇಕು. ಈರುಳ್ಳಿ ಹಾಕಿ ಬೇಯಿಸಿದ ತ್ಸ್ವೀಬೆಲ್‌ಕೂಖೆನ್ ನೋಡಲು ಸಸ್ಯಾಹಾರಿ ಅನ್ನಿಸುತ್ತದೆ, ಒಳಗೆ ಸಾಮಾನ್ಯವಾಗಿ ಹಂದಿ ಮಾಂಸದ ಚೂರು ಇರುತ್ತದೆ. ‘ಓನೆ ಸ್ಪೆಕ್?’ ಅಂತ ಕೇಳಿ, ಹಂದಿ ಮಾಂಸ ಇಲ್ಲದ್ದಾ ಅಂತ ಅರ್ಥ. ಆಲೂಗಡ್ಡೆ ತುರಿದು ಕರಿಯುವ ಕಾರ್ಟೋಫೆಲ್‌ಪುಫರ್ ಒಳ್ಳೆಯದು, ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಮೊಟ್ಟೆ ಬೇಡ ಅಂದರೆ ಅದನ್ನೂ ಕೇಳಿಕೊಳ್ಳಿ. ನನಗೆ ಎಲ್ಲಕ್ಕಿಂತ ಇಷ್ಟ ಡಾಂಪ್ಫ್‌ನೂಡೆಲ್. ಹಿಟ್ಟು ಹುದುಗಿಸಿ ಉಂಡೆ ಮಾಡಿ, ಮುಚ್ಚಳ ಬಿಗಿಮಾಡಿದ ಬಾಣಲೆಯಲ್ಲಿ ಉಪ್ಪು ನೀರು, ಕೊಬ್ಬು (ಬೆಣ್ಣೆಯೋ ಎಣ್ಣೆಯೋ, ಹಂದಿ ಕೊಬ್ಬಲ್ಲ ತಾನೇ ಅಂತ ಕೇಳಿಕೊಳ್ಳಿ) ಹಾಕಿ ಬೇಯಿಸುವುದು. ಮಧ್ಯೆ ಮುಚ್ಚಳ ತೆಗೆದರೆ ಉಂಡೆ ಕುಸಿಯುತ್ತದೆ, ಅದಕ್ಕೆ ಅವರು ಕಿವಿಗೊಟ್ಟು ಚಟಪಟ ಸದ್ದು ಕೇಳಿ ಹದ ತಿಳಿಯುತ್ತಾರೆ. ಮೇಲೆ ಮೆತ್ತಗೆ, ತಳದಲ್ಲಿ ಉಪ್ಪುಪ್ಪಾದ ಗರಿಗರಿ ಸೀಕು. ಅದರ ಮೇಲೆ ಸಿಹಿ ವೆನಿಲಾ ಸಾಸ್. ಸಿಹಿ, ಉಪ್ಪು ಎರಡೂ ಒಂದೇ ತುತ್ತಿಗೆ ಸಿಗುತ್ತವೆ. ವೈನ್ ಸಾಸ್ ಹಾಕಿಯೂ ಕೊಡುವುದುಂಟು, ಮನೆಯವರಿಗಾದರೆ ಅದನ್ನು ಬೇಡ ಅನ್ನಿ.

ಆ ಕಾಲದಲ್ಲಿ ಫೆಡರ್‌ವೈಸರ್ ಕೂಡ ಬಂದಿರುತ್ತದೆ. ಇನ್ನೂ ಹುದುಗುತ್ತಿರುವ ಹೊಸ ವೈನ್ ಅದು, ಮಜ್ಜಿಗೆ ನೀರಿನ ಹಾಗೆ ಮಬ್ಬು ಬಣ್ಣ. ಬಾಟಲಿ ಕೊಂಡರೆ ನೆಟ್ಟಗೆ ಹಿಡಿದುಕೊಂಡೇ ಬನ್ನಿ. ಒಳಗಿನ ಗ್ಯಾಸ್ ಹೊರಹೋಗಲಿ ಅಂತ ಮುಚ್ಚಳ ಬಿಗಿ ಮಾಡಿರುವುದಿಲ್ಲ. ಬ್ಯಾಗಿನಲ್ಲಿ ಮಲಗಿಸಿದರೆ ಬಟ್ಟೆಯೆಲ್ಲ ನೆನೆಯುತ್ತದೆ.

ಹಬ್ಬ ನಡೆಯುವುದು ಸೆಪ್ಟೆಂಬರ್‌ನ ಎರಡನೇ ಮತ್ತು ಮೂರನೇ ವಾರಾಂತ್ಯ, ಶುಕ್ರವಾರ ಶುರುವಾಗಿ ಮುಂದಿನ ವಾರದ ಮೊದಲ ದಿನಗಳವರೆಗೆ. ಶನಿವಾರ ರಾತ್ರಿ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ಸೋಮವಾರ ಮಧ್ಯಾಹ್ನ ಹೋಗಿ, ಊರಿನವರು ಜಾಸ್ತಿ ಸಿಗುತ್ತಾರೆ. ಕಾರು ತರಲೇಬೇಡಿ. ಮಾನ್‌ಹೈಮ್‌ನಿಂದ ನೇರ ಟ್ರಾಮ್ ಇದೆ, ಸುಮಾರು ಒಂದು ಗಂಟೆ. ಕೈಯಲ್ಲಿ ನಗದು ಇರಲಿ, ಗ್ಲಾಸಿಗೆ ಡಿಪಾಸಿಟ್ ಇಟ್ಟುಕೊಂಡು ವಾಪಸ್ ಮಾಡಿದಾಗ ಕೊಡುತ್ತಾರೆ. ಹತ್ತಿರದಲ್ಲೇ 1934ರಲ್ಲಿ ಕಟ್ಟಿದ ದೊಡ್ಡ ಮರದ ಪೀಪಾಯಿ ಇದೆ. 17 ಲಕ್ಷ ಲೀಟರ್ ಹಿಡಿಯುವಷ್ಟು ದೊಡ್ಡದು, ಆದರೆ ಒಳಗಿರುವುದು ಹೋಟೆಲ್. ಹೊರಗಿನಿಂದ ನೋಡಿದರೆ ಸಾಕು.

ಆ ಹೊತ್ತನ್ನು ಗುಡ್ಡಕ್ಕೆ ಕೊಡಿ. ಬೆಂಚಿಗೆ ಹೋಗುವ ಮೊದಲೇ ಮಿಖಾಯೆಲ್ಸ್‌ಬೆರ್ಗ್ ಹತ್ತಿ. ಹಳೆಯ ಚಾಪೆಲ್ ಈಗಿಲ್ಲ, ಹೊಸದಾಗಿ ಕಟ್ಟಿದ್ದು ಇದೆ. ಸುತ್ತಲೂ ದ್ರಾಕ್ಷಿ ತೋಟ, ಗೊಂಚಲುಗಳು ಕೊಯ್ಲಿಗೆ ಬಂದಿರುತ್ತವೆ. ಒಂದು ಹಣ್ಣನ್ನೂ ಕೀಳಬೇಡಿ. ಕೆಳಗೆ ಜಾತ್ರೆಯ ತೊಟ್ಟಿಲು ತಿರುಗುವುದು ಕಾಣಿಸುತ್ತದೆ, ಬ್ಯಾಂಡಿನ ಸದ್ದು ಮೇಲಕ್ಕೆ ಬರುತ್ತದೆ. ನಾಲ್ಕು ಗಂಟೆಯೊಳಗೆ ಇಳಿದುಬಿಟ್ಟರೆ ಶೂಬ್‌ಕಾರ್ಖ್‌ನಲ್ಲಿ ಇಬ್ಬರಿಗೆ ಜಾಗ ಸಿಗುತ್ತದೆ. ತುಂಬಿದ ಹಾಗೆ ಕಂಡರೂ ‘ಇಸ್ಟ್ ಹಿಯರ್ ನೋಖ್ ಫ್ರೈ?’ ಅಂತ ಕೇಳಿ, ಇಲ್ಲಿ ಇನ್ನೂ ಜಾಗ ಇದೆಯಾ ಅಂತ ಅರ್ಥ. ಸರಿದು ಕೂತು ಜಾಗ ಮಾಡಿಕೊಡುತ್ತಾರೆ.