ಸ್ವಿಫ್ಟ್ ಕಾರಿಗೆ 17 ಇಂಚಿನ ಅಲಾಯ್ ವೀಲ್ ಹಾಕಿಸಬಹುದೇ?

ನಿಮ್ಮ 2019ರ ಸ್ವಿಫ್ಟ್ ವಿಎಕ್ಸ್‌ಐ ಕಾರಿನೊಂದಿಗೆ ಬಂದ 165/80 ಆರ್14 ಟೈರುಗಳು ಸವೆದಿವೆ, ಅಂಗಡಿಯವರು 17 ಇಂಚಿನ ಅಲಾಯ್ ವೀಲ್ ಮತ್ತು 205/45 ಟೈರ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ, ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಆಗಾಗ ಕುಟುಂಬಸಮೇತ ಹೋಗಿಬರುವವರಿಗೆ ಇದು ಸರಿಯೇ ಎಂದು ಕೇಳಿದ್ದೀರಿ. 17 ಬೇಡ, 185/65 ಆರ್15 ಹಾಕಿಸಿ ಎಂಬುದು ನನ್ನ ಸಲಹೆ. ಇದೇ ಕಾರಿನ ಮೇಲ್ದರ್ಜೆಯ ಆವೃತ್ತಿಗೆ ಮಾರುತಿಯವರೇ ಕೊಟ್ಟಿರುವ ಅಳತೆ ಅದು. ಕಾರಣಗಳನ್ನು ಲೆಕ್ಕಸಹಿತ ಹೇಳುತ್ತೇನೆ. ನಾಳೆ ಇನ್ನೊಂದು ಅಂಗಡಿಯಲ್ಲಿ ಇನ್ನೊಂದು ಅಳತೆ ಹೇಳಿದರೆ ನೀವೇ ಪರೀಕ್ಷಿಸಿಕೊಳ್ಳಬಹುದು.

ಮೊದಲು ನೋಡಬೇಕಾದದ್ದು ಟೈರೂ ಸೇರಿದಂತೆ ಇಡೀ ಚಕ್ರದ ವ್ಯಾಸ. 165/80 ಆರ್14 ಎಂದರೆ ಟೈರಿನ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಅಂದರೆ 132 ಮಿ.ಮೀ. ಕೊನೆಯ 14 ಎಂಬುದು ರಿಮ್ಮಿನ, ಅಂದರೆ ಟೈರ್ ಕೂರುವ ಲೋಹದ ಚಕ್ರದ ವ್ಯಾಸ. ಹದಿನಾಲ್ಕು ಇಂಚಿಗೆ 355.6 ಮಿ.ಮೀ.; ಅದಕ್ಕೆ ಮೇಲೆ ಕೆಳಗೆ ಎರಡು ಗೋಡೆಗಳನ್ನು ಸೇರಿಸಿದರೆ ಒಟ್ಟು 619.6 ಮಿ.ಮೀ. ಆಗುತ್ತದೆ. ಇದೇ ರೀತಿ ಲೆಕ್ಕ ಹಾಕಿದರೆ 185/65 ಆರ್15ಕ್ಕೆ 621.5, 195/55 ಆರ್16ಕ್ಕೆ 620.9, 205/45 ಆರ್17ಕ್ಕೆ 616.3 ಬರುತ್ತದೆ. ಹೀಗಾಗಿ ವ್ಯಾಸದ ಮಟ್ಟಿಗೆ ಅಂಗಡಿಯವರ ಮಾತು ತಪ್ಪಲ್ಲ. ಆದರೆ ಕೆಲವರು ಕಾರು ಎತ್ತರ ಕಾಣಲೆಂದು 205/60 ಆರ್16 ಹಾಕಿಸುತ್ತಾರೆ. ಅದರ ವ್ಯಾಸ 652.4, ಅಂದರೆ ಶೇ. 5ಕ್ಕೂ ಹೆಚ್ಚು. ಆಗ ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ತೋರಿಸುತ್ತದೆ, ಪ್ರತಿ ಗೇರಿನಲ್ಲೂ ಎಳೆಯುವ ಶಕ್ತಿ ತಗ್ಗುತ್ತದೆ, ಅದೇ ಬ್ರೇಕಿಗೆ ದೊಡ್ಡ ಚಕ್ರವನ್ನು ನಿಲ್ಲಿಸುವ ಹೊರೆ ಬೀಳುತ್ತದೆ. ಮೂಲ ವ್ಯಾಸಕ್ಕಿಂತ ಶೇ. 2ರಿಂದ 3ರಷ್ಟು ವ್ಯತ್ಯಾಸವನ್ನು ಮೀರಬಾರದೆಂಬುದು ಈ ಕೆಲಸ ಬಲ್ಲವರು ಸಾಮಾನ್ಯವಾಗಿ ಪಾಲಿಸುವ ಮಿತಿ.

ವ್ಯಾಸ ಅಷ್ಟೇ ಇದ್ದು ರಿಮ್ ಮಾತ್ರ ದೊಡ್ಡದಾದರೆ ಕಳೆದುಹೋಗುವುದು ರಬ್ಬರಿನ ಗೋಡೆ ಮತ್ತು ಅದರೊಳಗಿನ ಗಾಳಿ. 14 ಇಂಚಿನಲ್ಲಿ 132 ಮಿ.ಮೀ. ಇದ್ದ ಗೋಡೆ 15ರಲ್ಲಿ 120ಕ್ಕೆ, 16ರಲ್ಲಿ 107ಕ್ಕೆ, 17ರಲ್ಲಿ ಸುಮಾರು 92ಕ್ಕೆ ಇಳಿಯುತ್ತದೆ. ನುಣುಪಾದ ರಸ್ತೆಯಲ್ಲಿ ಗಿಡ್ಡ ಗೋಡೆ ಒಳ್ಳೆಯದೇ. ತಿರುವಿನಲ್ಲಿ ಟೈರ್ ಕಡಿಮೆ ಬಾಗುತ್ತದೆ, ಸ್ಟಿಯರಿಂಗ್ ಚುರುಕಾಗಿ ಸ್ಪಂದಿಸುತ್ತದೆ. ಆದರೆ ಮಳೆಗಾಲದಲ್ಲಿ ಸಕಲೇಶಪುರ ದಾಟಿ ಗುಂಡ್ಯದ ಕಡೆಗೆ ಇಳಿಯುವಾಗ ನೀರು ತುಂಬಿದ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲ. ಅಂಥ ಗುಂಡಿಯ ಅಂಚಿಗೆ ಬಡಿದಾಗ ಗಿಡ್ಡ ಗೋಡೆಯ ಟೈರ್ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲುಗಳು ತುಂಡಾಗಿ ಪಕ್ಕದಲ್ಲಿ ಉಬ್ಬು ಬರುತ್ತದೆ, ಇಲ್ಲವೇ ರಿಮ್ ಬಾಗುತ್ತದೆ. ಉಬ್ಬಿದ ಟೈರಿಗೆ ರಿಪೇರಿಯಿಲ್ಲ, ಅದನ್ನು ಎಸೆಯಲೇಬೇಕು. ಇದರ ಜೊತೆಗೆ, ಅಗಲವಾದ ಟೈರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಎಂಬುದನ್ನೂ ಘಾಟಿಯಲ್ಲಿ ಓಡಾಡುವವರು ನೆನಪಿಡಬೇಕು.

ಟೈರಿನ ಮೇಲೆ ಅಳತೆಯ ಪಕ್ಕದಲ್ಲಿರುವ ಸಂಖ್ಯೆಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅದು ಲೋಡ್ ಇಂಡೆಕ್ಸ್. 85 ಎಂದಿದ್ದರೆ ಆ ಟೈರ್ 515 ಕಿಲೋ ಹೊರಬಲ್ಲದು, 88 ಎಂದಿದ್ದರೆ 560 ಕಿಲೋ. ನಿಮ್ಮ ಹಳೆಯ ಟೈರಿನ ಸಂಖ್ಯೆಗಿಂತ ಹೊಸದು ಯಾವ ಕಾರಣಕ್ಕೂ ಕಡಿಮೆ ಇರಬಾರದು. 205/45 ಆರ್17 ಟೈರಿನ ಸಾಮಾನ್ಯ ಮಾದರಿಗೆ 84, ಅಂದರೆ 500 ಕಿಲೋ ಮಾತ್ರ. ಅಗಲವಾಗಿದೆ, ಆದ್ದರಿಂದ ಗಟ್ಟಿ ಎಂದು ನಂಬುವುದು ಸರಿಯಲ್ಲ. ಅದೇ ಅಳತೆಯಲ್ಲಿ ಎಕ್ಸ್‌ಎಲ್ ಎಂದು ಬರೆದ, ಹೆಚ್ಚು ಭಾರ ಹೊರಬಲ್ಲ 88ರ ಟೈರುಗಳೂ ಸಿಗುತ್ತವೆಯಾದರೂ ಅಷ್ಟು ಭಾರ ಹೊರಲು ಅವಕ್ಕೆ ಹೆಚ್ಚು ಗಾಳಿಯ ಒತ್ತಡ ಬೇಕು, ಹೆಚ್ಚು ಗಾಳಿ ತುಂಬಿದರೆ ಕುಲುಕಾಟ ಇನ್ನಷ್ಟು ಹೆಚ್ಚುತ್ತದೆ.

ಇನ್ನು ರಿಮ್ಮಿನ ವಿಷಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಹಾಸನದಲ್ಲಿ ಕೊಂಡರೂ ಗ್ರಾಹಕರು ವಿನ್ಯಾಸ ಮತ್ತು ಬೆಲೆ ಕೇಳುತ್ತಾರೆಯೇ ಹೊರತು ಆಫ್‌ಸೆಟ್ ಕೇಳುವುದಿಲ್ಲ; ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದೇ ಅದು. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ (ಚಕ್ರವನ್ನು ಬಿಗಿಯುವ, ಕಾರಿನ ಕಡೆಯ ತಿರುಗುವ ಭಾಗಕ್ಕೆ) ಕೂರುವ ಮುಖದವರೆಗಿನ ದೂರವೇ ಆಫ್‌ಸೆಟ್. ರಿಮ್ ಮೇಲೆ ಅದನ್ನು ಮಿ.ಮೀ. ಲೆಕ್ಕದಲ್ಲಿ ಇಟಿ 45, ಇಟಿ 38 ಎಂದು ಕೆತ್ತಿರುತ್ತದೆ. ಉದಾಹರಣೆಗೆ 5.5 ಇಂಚು ಅಗಲದ ಇಟಿ 45 ರಿಮ್ ತೆಗೆದು 6.5 ಇಂಚು ಅಗಲದ ಇಟಿ 38 ರಿಮ್ ಹಾಕಿದರೆ, ಹೊರ ಅಂಚು ಸುಮಾರು 20 ಮಿ.ಮೀ. ಆಚೆಗೂ ಒಳ ಅಂಚು ಸುಮಾರು 6 ಮಿ.ಮೀ. ಸಸ್ಪೆನ್ಷನ್ ಕಡೆಗೂ ಸರಿಯುತ್ತದೆ. ಅಷ್ಟು ಹೊರಬಂದ ಟೈರ್, ಹಿಂದಿನ ಸೀಟು ತುಂಬಿ ಡಿಕ್ಕಿಯಲ್ಲಿ ಸಾಮಾನಿರುವಾಗ ಹಂಪಿನ ಮೇಲೆ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ, ಉಜ್ಜಬಹುದು, ವೀಲ್ ಬೇರಿಂಗಿನ ಮೇಲೂ ಹೊರೆ ಹೆಚ್ಚುತ್ತದೆ. ಖಾಲಿ ಕಾರಿನಲ್ಲಿ ಅಂಗಡಿಯ ಸುತ್ತ ಒಂದು ಸುತ್ತು ಓಡಿಸಿ ನೋಡಿದರೆ ಇದ್ಯಾವುದೂ ತಿಳಿಯುವುದಿಲ್ಲ.

ಸ್ವಿಫ್ಟಿನ ಬೋಲ್ಟುಗಳ ವಿನ್ಯಾಸ 4×100 (100 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಾಲ್ಕು ಬೋಲ್ಟು), ಹಬ್ಬಿನ ವ್ಯಾಸ 54.1 ಮಿ.ಮೀ. ಹೊರಗೆ ಸಿಗುವ ರಿಮ್ಮುಗಳಿಗೆ ಹಲವು ಕಾರುಗಳಿಗೆ ಹೊಂದಲೆಂದು ನಡುವಿನ ತೂತನ್ನು 73.1ರಷ್ಟು ದೊಡ್ಡದಾಗಿ ಕೊರೆದಿರುತ್ತಾರೆ. ಆ ಖಾಲಿ ಜಾಗಕ್ಕೆ ಸರಿಯಾದ ಹಬ್ ರಿಂಗ್ ಹಾಕಿಸಿ. ಇಲ್ಲದಿದ್ದರೆ ರಿಮ್ ನಡುವಿಗೆ ಕೂರದೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಅಲಾಯ್ ರಿಮ್ಮಿಗೆ ಅದರಲ್ಲಿ ನಟ್ಟು ಕೂರುವ ಜಾಗದ ಆಕಾರಕ್ಕೆ ಹೊಂದುವ ನಟ್ಟುಗಳೇ ಬೇಕು. ಸ್ಟೆಪ್ನಿ 14 ಇಂಚಿನ ಸ್ಟೀಲ್ ರಿಮ್ಮಾಗಿಯೇ ಉಳಿಯುವುದರಿಂದ ಹಳೆಯ ನಾಲ್ಕು ನಟ್ಟುಗಳನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಸ್ಟೆಪ್ನಿಯ ವ್ಯಾಸ 185/65 ಆರ್15ಕ್ಕೆ ಬಹುತೇಕ ಸಮವಾಗಿದ್ದು, ಪಂಕ್ಚರ್ ಅಂಗಡಿಯವರೆಗೆ ಹೋಗಲು ಅಡ್ಡಿಯಿಲ್ಲ.

ಕಾನೂನಿನ ಬದಿಯೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ನಿಮ್ಮದೇ ಮಾದರಿಯ ಕಾರಿಗೆ ಕಂಪನಿ ಕೊಟ್ಟಿರುವ ಅಳತೆಯೊಳಗೆ ಉಳಿದರೆ ಪೊಲೀಸರ ಮುಂದೆಯಾಗಲಿ ವಿಮೆಯ ಕ್ಲೇಮಿನ ಸಮಯದಲ್ಲಾಗಲಿ ನಿಮ್ಮ ವಾದಕ್ಕೆ ಬಲವಿರುತ್ತದೆ. ಅಲಾಯ್ ಹಾಕಿಸಿದ ವಿಚಾರವನ್ನು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿಬಿಡಿ.

ಕೊಳ್ಳುವಾಗ ರಿಮ್ಮನ್ನು ತೂಕಕ್ಕೆ ಹಾಕಿ ನೋಡಿ. ಅಲಾಯ್ ಎಂದ ಮಾತ್ರಕ್ಕೆ ಹಗುರ ಎಂದಲ್ಲ, ಭಾರವಾದ ಚಕ್ರ ಮೈಲೇಜನ್ನೂ ಸಸ್ಪೆನ್ಷನ್ನನ್ನೂ ತಿನ್ನುತ್ತದೆ. ಟೈರಿನ ಮೇಲಿನ ನಾಲ್ಕಂಕಿಯ ತಯಾರಿಕೆಯ ಸಂಖ್ಯೆಯನ್ನು ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಹಾಕಿಸಿದ ಮೇಲೆ ನಾಲ್ವರನ್ನು ಕೂರಿಸಿಕೊಂಡು, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಒಂದು ಹಂಪನ್ನು ನಿಧಾನವಾಗಿ ದಾಟಿ, ಉಜ್ಜುವ ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳಿ. ಅಲೈನ್‌ಮೆಂಟ್ ಮಾಡಿಸಿ, ಸುಮಾರು 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಕಾರಿನ ಕೈಪಿಡಿಯಲ್ಲಿರುವಷ್ಟೇ ಬಿಗಿ ಮಾಡಿಸಿ.